ತೊಗರಿ ಗಿಡದ ಕ್ರಿಸ್ಮಸ್

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಮ್ಮ ಮನೆಯ ಎದುರಿಗೇ ಸಾತಲಿಂಗಪ್ಪನವರ ಮನೆ. ನಲವತ್ತು ವರ್ಷ ಟವೆಲ್, ಚಾದರದ ವ್ಯಾಪಾರ ಮಾಡಿ, ಈಗ ಅಂಗಡಿಯನ್ನು ಮಗ ಸೋಮೇಶನಿಗೆ ಒಪ್ಪಿಸಿ ಅವರು ಮನೆಯಲ್ಲಿದ್ದಾರೆ. ಮನೆಯಲ್ಲಿದ್ದಾರೆ ಎಂದರೆ ಸುಮ್ಮನೆ ಕುಳಿತಿದ್ದಾರೆ ಎಂದಲ್ಲ. ಬೆಳಿಗ್ಗೆ ಎದ್ದು ಹಾಲಿನ ಪ್ಲಾಸ್ಟಿಕ್ ಚೀಲ ತೊಳೆದು ತಂತಿಗೆ ಒಣಹಾಕಬೇಕು. ಪಾರ್ಸೆಲ್ಲಿನ ದಾರ ಬಿಚ್ಚಿ ಉಂಡೆ ಸುತ್ತಬೇಕು. ಬಗ್ಗಿದ ಮೊಳೆಗಳನ್ನು ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಬೇಕು. ಮದುವೆಯಾದ ಹೊಸದರಲ್ಲಿ ಹೆಂಡತಿ ಪಾರ್ವತಿಬಾಯಿ ಒಡೆದ ಬಕೆಟ್ಟೊಂದನ್ನು ಹೊರಗೆ ಒಗೆದಿದ್ದಕ್ಕೆ ಇವರು ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಅದನ್ನು ವಾಪಸು ತಂದು ಮಣ್ಣು ತುಂಬಿ ಕರಿಬೇವು ನೆಟ್ಟರು. ನಮ್ಮ ಓಣಿಯ ಅರ್ಧ ಒಗ್ಗರಣೆ ಇವತ್ತಿಗೂ ಆ ಗಿಡದ ಮೇಲೆಯೇ ನಡೆಯುತ್ತದೆ.

ಹತ್ತು ವರ್ಷದ ಹಿಂದೆ ಸೋಮೇಶ ತನ್ನ ಜೊತೆ ಕಾಲೇಜಿನಲ್ಲಿ ಓದಿದ ಸಾರಿಕಾಳನ್ನು ಮದುವೆಯಾದ. ಆಕೆ ಸೊಲ್ಲಾಪುರದವಳೇ, ಮರಾಠಿ ಮಾತಾಡುವ ಕ್ರೈಸ್ತರ ಹುಡುಗಿ. ಸಾತಲಿಂಗಪ್ಪನವರು ಬೇಡ ಎನ್ನಲಿಲ್ಲ. ಬದಲಿಗೆ ತಾವೇ ಪ್ರೆಸ್ಸಿಗೆ ಹೋಗಿ ದಪ್ಪ ಕಾಗದದ ಮುನ್ನೂರು ಲಗ್ನಪತ್ರಿಕೆ ಮಾಡಿಸಿದರು, ಕನ್ನಡದಲ್ಲಿ. ಚೀಲದಲ್ಲಿ ತುಂಬಿಕೊಂಡು ಹಂಚಲು ಹೊರಟರು. ಹೋದ ಮನೆಯಲ್ಲೆಲ್ಲ ಚಹ ಕುಡಿಸಿ, ಹುಡುಗಿ ಯಾರ ಪೈಕಿ ಎಂದು ಕೇಳಿದರು. ಒಂಬತ್ತನೆಯ ಮನೆ ಆಗುವಷ್ಟರಲ್ಲಿ ಅವರಿಗೆ ಚಹವೂ ಬೇಡವಾಯಿತು, ಪ್ರಶ್ನೆಯೂ ಬೇಡವಾಯಿತು. ಉಳಿದ ಪತ್ರಿಕೆಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಾಗಲಿಲ್ಲ. ರಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ, ಮೂವತ್ತು ಜನರಿಗೆ ಊಟ. ಎದುರು ಮನೆಯವನಾದ ನನಗೂ ಕರೆ ಬರಲಿಲ್ಲ. ನಾನು ಗೇಟಿನಲ್ಲಿ ನಿಂತು ಹೊಸ ಸೊಸೆ ಒಳಗೆ ಹೋಗುವುದನ್ನು ನೋಡಿದೆ. ಮರುದಿನ ಪಾರ್ವತಿಬಾಯಿ ಬಂದು ಲಾಡು ಕೊಟ್ಟು ಹೋದರು.

ಆಮೇಲೆ ಎಲ್ಲ ಸರಿಯಾಯಿತು, ಸರಿಯಾದಷ್ಟು. ಸಾರಿಕಾ ಬ್ಯಾಂಕಿಗೆ ಹೋಗುತ್ತಿದ್ದಳು, ಕನ್ನಡ ಕಲಿತಳು, ಮಾವನಿಗೆ ಹೊತ್ತಿಗೆ ಸರಿಯಾಗಿ ಚಹ ಕೊಡುತ್ತಿದ್ದಳು. ಶ್ರದ್ಧಾ ಹುಟ್ಟಿದಳು. ಆದರೆ ಕ್ರಿಸ್ಮಸ್ ಬಂತೆಂದರೆ, ನಮ್ಮ ಕಡೆ ಅದಕ್ಕೆ ನಾತಾಳ ಅನ್ನುತ್ತಾರೆ, ಮಗ, ಸೊಸೆ, ಮೊಮ್ಮಗಳು ಎರಡು ದಿನ ಸಾರಿಕಾಳ ತಾಯಿಯ ಮನೆಗೆ ಹೋಗುತ್ತಿದ್ದರು. ಬರುವಾಗ ಡಬ್ಬಿಯಲ್ಲಿ ಚಕ್ಕಲಿ, ಶಂಕರಪಾಳಿ ತರುತ್ತಿದ್ದರು. ಸಾತಲಿಂಗಪ್ಪನವರು ಚಕ್ಕಲಿ ತಿನ್ನುತ್ತಿದ್ದರೇ ಹೊರತು ಹಬ್ಬ ಹೇಗಾಯಿತು ಎಂದು ಒಂದು ಸಲವೂ ಕೇಳಿದವರಲ್ಲ. ಬೀಗರ ಮನೆಯ ಹೊಸ್ತಿಲು ತುಳಿದವರೂ ಅಲ್ಲ.

ಕಳೆದ ವರ್ಷ ನವೆಂಬರಿನಲ್ಲಿ ಸಾರಿಕಾಳ ತಾಯಿ ಸೋನಾಬಾಯಿಗೆ ಮಂಡಿಯ ಆಪರೇಷನ್ ಆಯಿತು. ಸೋನಾಬಾಯಿ ನರ್ಸ್ ಆಗಿ ನಿವೃತ್ತರಾದವರು. ಮೂವತ್ತು ವರ್ಷ ರೋಗಿಗಳಿಗೆ ಎದ್ದೇಳು, ಮಲಗು, ನುಂಗು ಎಂದು ಹೇಳಿ ಹೇಳಿ ಆ ಧಾಟಿ ಅವರ ಮಾತಿನಲ್ಲಿ ಉಳಿದುಬಿಟ್ಟಿದೆ. ನೋಡಿಕೊಳ್ಳಲು ಇರುವವಳು ಒಬ್ಬಳೇ ಮಗಳು. ಅದಕ್ಕೆ ಸೋನಾಬಾಯಿಯನ್ನು ಇಲ್ಲಿಗೇ ಕರೆತಂದು, ಮೆಟ್ಟಿಲು ಹತ್ತುವ ತ್ರಾಸು ಬೇಡವೆಂದು ಕೆಳಗಿನ ಮುಂದಿನ ಕೋಣೆ ಕೊಟ್ಟರು. ಅದು ಸಾತಲಿಂಗಪ್ಪನವರು ದಾರ ಸುತ್ತುವ ಕೋಣೆ. ಅವರು ಉಂಡೆಗಳ ಸಮೇತ ಪಡಸಾಲೆಗೆ ಬಂದರು.

ಡಿಸೆಂಬರ್ ಬಂತು. ಈ ಸಲ ನಾತಾಳ ಎಲ್ಲಿ ಎಂಬುದು ಎಲ್ಲರ ಮನಸ್ಸಿನಲ್ಲೂ ಇತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಮೂರನೆಯ ಇಯತ್ತೆಯಲ್ಲಿದ್ದ ಶ್ರದ್ಧಾ ಸಾಲೆಯಿಂದ ಒಂದು ಕಾಗದ ತಂದಳು. ಹಬ್ಬವನ್ನು ಪರಿಸರಕ್ಕೆ ಧಕ್ಕೆಯಾಗದಂತೆ ಮನೆಮಂದಿಯೆಲ್ಲ ಸೇರಿ ಮಾಡಬೇಕಂತೆ, ಮಾಡಿದ್ದನ್ನು ಬರೆದುಕೊಂಡು ಬರಬೇಕಂತೆ. ಕೆಳಗೆ ನಿಯಮಗಳಿದ್ದವು. ಒಂದು, ಪ್ಲಾಸ್ಟಿಕ್ ಮತ್ತು ಥರ್ಮಾಕೋಲ್ ಬೇಡ. ಎರಡು, ಹಬ್ಬಕ್ಕಾಗಿ ಹಸಿ ಮರ ಕಡಿಯಬೇಡಿ. ಮೂರು, ಹೊಸದಾಗಿ ಏನನ್ನೂ ಕೊಳ್ಳದೆ ಮನೆಯಲ್ಲಿರುವುದನ್ನೇ ಬಳಸಿ. ಶ್ರದ್ಧಾ ಇಂಗ್ಲಿಷಿನಲ್ಲಿ ಓದಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅಜ್ಜನಿಗೆ ತಿಳಿಸಿದಳು. ಸಾತಲಿಂಗಪ್ಪನವರು ಮೂರನೆಯದನ್ನು ಇನ್ನೊಮ್ಮೆ ಓದಿಸಿದರು.

“ಹೊಸಾದು ಕೊಳ್ಳಬಾರದು ಅಂತ ಸಾಲಿಯವರೇ ಬರದಾರೇನು?”

“ಹೌದು ಮುತ್ಯಾ. ಹೆಡ್ ಮಿಸ್ ಸಹಿ ಅದ ನೋಡು.”

ಅವರು ಕಾಗದವನ್ನು ಕೈಗೆ ತೆಗೆದುಕೊಂಡು ಆ ಸಹಿಯನ್ನೇ ಬಹಳ ಹೊತ್ತು ನೋಡಿದರು. ಅರುವತ್ತೆಂಟು ವರ್ಷದಲ್ಲಿ ಮೊದಲ ಸಲ ಒಬ್ಬ ಅಧಿಕಾರಿ ಅವರ ಕಡೆ ಮಾತಾಡಿದ್ದರು. “ಹಂಗಾರ ನಾತಾಳ ಇಲ್ಲೇ ಆಗಲಿ. ನಾ ಮಾಡತೀನಿ,” ಎಂದರು. ಅಡುಗೆ ಮನೆಯಲ್ಲಿ ಪಾರ್ವತಿಬಾಯಿಯ ಕೈಯಿಂದ ಸೌಟು ಜಾರಿತಂತೆ.

ಅಂದಿನಿಂದ ಅವರೇ ಹಬ್ಬದ ಯಜಮಾನರು. ಗಿಡದ ವಿಚಾರ ಮೊದಲು ಬಂತು. ಸೋನಾಬಾಯಿ ಹಾಸಿಗೆಯಿಂದಲೇ, ತಮ್ಮ ಕಡೆಯವರು ಸುರು, ಅಂದರೆ ಗಾಳಿ ಮರದ ಟೊಂಗೆ ಕಡಿದು ತರುತ್ತಾರೆ ಎಂದರು. ಸಾತಲಿಂಗಪ್ಪನವರು ಎರಡನೆಯ ನಿಯಮ ತೋರಿಸಿದರು. ಪ್ಲಾಸ್ಟಿಕ್ ಗಿಡವಾದರೆ ಹತ್ತು ವರ್ಷ ಬರುತ್ತದೆ ಎಂದರೆ ಒಂದನೆಯ ನಿಯಮ ತೋರಿಸಿದರು. ಹಾಗಾದರೆ ಗಿಡ ಎಲ್ಲಿಂದ ಬರುತ್ತದೆ ಬೀಗರೇ ಎಂದು ಅವರು ಕೇಳಿದ್ದಕ್ಕೆ, ಈ ತಿಂಗಳಲ್ಲಿ ಹೇಗೂ ಕೊಯ್ಯುವ ಗಿಡ ಒಂದಿದೆ ಎಂದರು. ತೊಗರಿ.

ಪಾರ್ವತಿಬಾಯಿಯ ತಮ್ಮ ಅಮೃತಪ್ಪನ ಹೊಲ ಅಕ್ಕಲಕೋಟೆಯ ಹತ್ತಿರದ ಹಳ್ಳಿಯಲ್ಲಿದೆ. ಸಾತಲಿಂಗಪ್ಪನವರು ಬಸ್ಸು ಹತ್ತಿ ಹೋದರು. ಹೊಲದ ನಡುವೆ ನಿಂತು, ಕೀಟನಾಶಕದ ಎಣ್ಣೆ ಹೊಡೆಯದ ಗಿಡವೇ ಬೇಕು, ಮನೆಯಲ್ಲಿ ಮಗುವಿದೆ, ವಿಷ ಒಳಗೆ ಬರಬಾರದು ಎಂದು ಹಟ ಹಿಡಿದರು. ಅಕ್ಕನ ಗಂಡನನ್ನು ಮರಾಠಿ ರೂಢಿಯಂತೆ ದಾಜಿ ಎನ್ನುವ ಅಮೃತಪ್ಪ ತಲೆ ಕೆರೆದುಕೊಂಡ.

“ಎಣ್ಣಿ ಹೊಡೀಲಾರದ ತೊಗರಿ ಈಗ ಎಲ್ಲಿ ಸಿಗತದರಿ ದಾಜಿ? ಆ ಬದುವಿನ ಮ್ಯಾಲ ನಾಕು ಗಿಡ ಅವ. ಅಲ್ಲಿಗಿ ಪಂಪು ಮುಟ್ಟಿಲ್ಲ. ಆದ್ರ ಅವು ಬ್ಯಾಡ್ರಿ, ಯಾಕಂದ್ರ...”

ಯಾಕೆಂಬುದನ್ನು ಕೇಳುವ ತಾಳ್ಮೆ ಸಾತಲಿಂಗಪ್ಪನವರಿಗೆ ಇರಲಿಲ್ಲ. ಆಗಲೇ ಬದುವಿನ ಕಡೆ ನಡೆದಿದ್ದರು. ಎದೆಮಟ್ಟದ ಮೂರು ಗಿಡ ಆರಿಸಿ, ಕೊಯ್ಯಿಸಿ, ಒಟ್ಟಿಗೆ ಹುರಿಯಿಂದ ಬಿಗಿದರು. ಹಸಿರು ಕಾಯಿ, ಒಣಗಿದ ಕಾಯಿ, ಅಲ್ಲೊಂದು ಇಲ್ಲೊಂದು ಹಳದಿ ಹೂವು. ನೋಡಲು ಚೆನ್ನಾಗಿಯೇ ಇತ್ತು.

ಬಸ್ಸಿನಲ್ಲಿ ಕಂಡಕ್ಟರನಿಗೆ ಅದು ಸಾಮಾನೋ ದನದ ಮೇವೋ ತಿಳಿಯಲಿಲ್ಲ. ಎಲ್ಲಿಗೆ ಎಂದು ಕೇಳಿದ. ನಾತಾಳಕ್ಕೆ ಎಂದರು. ಆ ಹೆಸರಿನ ಸ್ಟಾಪಿಲ್ಲ ಎಂದ. ಕೊನೆಗೆ ಹಿಂದಿನ ಸೀಟಿನ ಪಕ್ಕ ನಿಲ್ಲಿಸಲು ಒಪ್ಪಿದ. ಅಲ್ಲೇ ತಪ್ಪಾಯಿತು. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದು ಮರಳುತ್ತಿದ್ದ ಹೆಂಗಸರು ಹಿಂದೆ ಕುಳಿತಿದ್ದರು. ಹಸಿ ತೊಗರಿ ಕಾಯಿ ಕೈಗೆಟುಕುವಂತಿದ್ದರೆ ಯಾರು ಬಿಡುತ್ತಾರೆ? ಮಾತಾಡುತ್ತ ಒಂದೊಂದೇ ಕಿತ್ತು ಸುಲಿದು ಬಾಯಿಗೆ ಹಾಕಿಕೊಂಡರು. ಮುಂದೆ ಕುಳಿತ ಸಾತಲಿಂಗಪ್ಪನವರಿಗೂ ಒಬ್ಬಾಕೆ ಹಿಡಿತುಂಬ ಕೊಟ್ಟರು. ಯಾವ ಗಿಡದ್ದೆಂದು ಯೋಚಿಸದೆ ಅವರೂ ತಿಂದರು. ಸೊಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿಸಿ ನೋಡಿದರೆ ಗಿಡದ ಒಂದು ಮಗ್ಗಲು ಬೋಳು. ಆ ಮಗ್ಗಲನ್ನು ಗೋಡೆಯ ಕಡೆ ಮಾಡಿ, ಮಾಳಿಗೆಯ ಮೇಲಿದ್ದ ತಗ್ಗುಬಿದ್ದ ತಾಮ್ರದ ಹಂಡೆಯಲ್ಲಿ ಉಸುಕು ತುಂಬಿ ನಿಲ್ಲಿಸಿದರು.

ಮುಂದೆ ನಕ್ಷತ್ರಗಳು. ಶ್ರದ್ಧಾಳಿಗೆ ದಪ್ಪ ಕಾಗದ ಬೇಕಾಗಿತ್ತು. ಸಾತಲಿಂಗಪ್ಪನವರು ನಿಚ್ಚಣಿಕೆ ಹಾಕಿ ಅಟ್ಟ ಹತ್ತಿ, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಗಂಟು ಇಳಿಸಿದರು. ಮೊಮ್ಮಗಳು ಕತ್ತರಿ ಹಿಡಿದು ಕುಳಿತಳು. ಅಜ್ಜ ಬಿಡುವಿನಲ್ಲಿ ಕಲಿಸಿದ ಕನ್ನಡ ಅಕ್ಷರ ಆಕೆಗೆ ಕೂಡಿಸಿಕೊಂಡು ಓದಲು ಬರುತ್ತದೆ. ಸಂಜೆ ಬ್ಯಾಂಕಿನಿಂದ ಸಾರಿಕಾ ಒಳಗೆ ಕಾಲಿಡುವ ಹೊತ್ತಿಗೆ, ಮಗು ಕತ್ತರಿಸಿದ ಮೊದಲ ನಕ್ಷತ್ರವನ್ನು ಬೆಳಕಿಗೆ ಹಿಡಿದು ಓದುತ್ತಿತ್ತು.

“ಸಾ... ರಿ. ಸಾರಿ. ಮುತ್ಯಾ, ಯಾರಿಗಿ ಸಾರಿ ಅಂತ ಬರದಾರ?”

ಸಾರಿಕಾ ಬಗ್ಗಿ ನೋಡಿದಳು. ತನ್ನದೇ ಹೆಸರು. ಕಡೆಯ ಅಕ್ಷರ ಕತ್ತರಿಗೆ ಸಿಕ್ಕು ನೆಲದ ಮೇಲೆ ಬಿದ್ದಿತ್ತು. ಪಕ್ಕದಲ್ಲಿ ಅವಳ ಲಗ್ನಪತ್ರಿಕೆಗಳ ಗಂಟು, ಪ್ರೆಸ್ಸಿನವನು ಕಟ್ಟಿದ ದಾರ ಕೂಡ ಬಿಚ್ಚದ ಕಟ್ಟುಗಳು. ಇವು ಹಂಚಿರಲಿಲ್ಲವೇ ಎಂದು ಮೆಲ್ಲಗೆ ಕೇಳಿದಳು. ಸಾತಲಿಂಗಪ್ಪನವರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

“ಒಂಬತ್ತು ಹಂಚಿದ್ದೆವ್ವಾ. ಮುಂದ ಕಾಲು ಏಳಲಿಲ್ಲ. ಆದ್ರ ಒಗೀಲಿಕ್ಕೂ ಮನಸಾಗಲಿಲ್ಲ.”

ಸಾರಿಕಾ ಚಪ್ಪಲಿ ಬಿಚ್ಚುವುದನ್ನೂ ಮರೆತು ನಿಂತಿದ್ದಳು. ಆಗ ಮುಂದಿನ ಕೋಣೆಯಿಂದ ಸೋನಾಬಾಯಿಯ ದನಿ ಬಂತು. ಬಾಗಿಲು ತೆರೆದೇ ಇದ್ದುದರಿಂದ ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಬೀಗ್ರ, ಅವುಗಳ ಹಿಂದಿನ ಬಾಜು ಕೋರಾ ಅದ ಅಲ್ಲ? ಅದರ ಮ್ಯಾಲ ನಾತಾಳದ ಆಮಂತ್ರಣ ಬರೀರಿ. ಹೊಸಾದು ಕೊಳ್ಳೂದು ಬ್ಯಾಡ. ಮತ್ತ ನೀವೇ ಹೋಗಿ ಕೊಟ್ಟು ಬರ್ರಿ. ನಡೀಲಿಕ್ಕೆ ನಿಮಗ ಮಂಡಿ ಭೇಷ್ ಅವ.”

ತಮ್ಮದೇ ನಿಯಮಕ್ಕೆ ತಾವೇ ಸಿಕ್ಕಿಕೊಂಡ ಸಾತಲಿಂಗಪ್ಪನವರು ಸೊಸೆಯ ಮುಖ ನೋಡಿದರು. ಅವಳಾದರೂ ಬೇಡ ಎನ್ನಬಹುದೆಂಬ ಆಸೆ. ಸಾರಿಕಾ, ನಲವತ್ತು ಸಾಕು ಮಾಮಾ, ಉಳಿದಿದ್ದು ನಕ್ಷತ್ರಕ್ಕಾಗುತ್ತದೆ ಎಂದಳು. ರಾತ್ರಿ ಊಟಕ್ಕೆ ಮೊದಲೇ ಕುಳಿತು ನಲವತ್ತರ ಬೆನ್ನಿಗೂ ಬರೆದು ಮುಗಿಸಿದಳು.

ಹೀಗೆ ಹತ್ತು ವರ್ಷದ ಮೇಲೆ ಅವರು ಅದೇ ಚೀಲ ಹೆಗಲಿಗೆ ಹಾಕಿಕೊಂಡು ಹಳೆಯ ಹಾದಿ ಹಿಡಿದರು. ನನಗೆ ಗೇಟಿನಲ್ಲೇ ಒಂದು ಸಿಕ್ಕಿತು. ಎರಡೂ ಮಗ್ಗಲು ಓದಿ, ಬರುತ್ತೇನೆ ಎಂದೆ. ಎಲ್ಲರೂ ನನ್ನ ಹಾಗೆ ಎರಡೂ ಮಗ್ಗಲು ಓದಲಿಲ್ಲ. ಅಚ್ಚಾದ ಬದಿಯನ್ನಷ್ಟೇ ನೋಡಿದ ಒಬ್ಬರು ಸೋಮೇಶನಿಗೆ ಎರಡನೆಯ ಲಗ್ನವೇ ಎಂದು ದನಿ ತಗ್ಗಿಸಿ ಕೇಳಿದರು. ಸೊಸೆಯ ಹೆಸರೂ ಅದೇ ಇದೆಯಲ್ಲ, ಯೋಗಾಯೋಗ ನೋಡಿ ಎಂದು ಅವರ ಹೆಂಡತಿ ಬೆರಗಾದರು. ಇನ್ನೊಬ್ಬರು ತಾರೀಖು ಹತ್ತು ವರ್ಷ ಹಿಂದಿನದು ಬಿದ್ದಿದೆ, ಪ್ರೆಸ್ಸಿನವನನ್ನು ಬಿಡಬೇಡಿ ಎಂದು ಬುದ್ಧಿ ಹೇಳಿದರು. ಪ್ರತಿ ಮನೆಯಲ್ಲೂ ಸಾತಲಿಂಗಪ್ಪನವರು ಮೊದಲಿನಿಂದ ಹೇಳಬೇಕಾಯಿತು. ಹುಡುಗಿ ಯಾರ ಪೈಕಿ ಎಂಬುದನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೆ ಅಭ್ಯಾಸವಾಗಿ, ಹದಿನೈದನೆಯ ಮನೆಯ ಹೊತ್ತಿಗೆ ಕೇಳುವ ಮೊದಲೇ ಹೇಳತೊಡಗಿದರಂತೆ.

ಕಡೆಯ ಪತ್ರಿಕೆ ಮಂಗಳವೇಢೆ ತಾಲೂಕಿನ ಮರವಡೆಗೆ. ಅಲ್ಲಿ ದೊಡ್ಡಪ್ಪನ ಮಗ ಶಿವಶರಣಪ್ಪ ಇದ್ದಾರೆ, ಎಪ್ಪತ್ತೈದರ ರೈತ. ಮದುವೆಗೆ ಕರೆಯಲಿಲ್ಲವೆಂದು ಹತ್ತು ವರ್ಷದಿಂದ ಮಾತು ಬಿಟ್ಟವರು. ಅವರು ಪತ್ರಿಕೆಯನ್ನು ದೂರ ಹಿಡಿದು ಓದಿದರು, ಮಡಚಿ ಅಂಗಿಯ ಕಿಸೆಯಲ್ಲಿಟ್ಟರು. ಚಹ ಕೊಡಿಸಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಇತ್ತ ಮನೆಯಲ್ಲಿ ಇಬ್ಬರು ಬೀಗಿತಿಯರ ನಡುವೆ ಬೇರೆಯೇ ಯುದ್ಧ. ತತ್ತಿ ಇಲ್ಲದ ಕೇಕು ಕೇಕೇ ಅಲ್ಲವೆಂದು ಸೋನಾಬಾಯಿ. ತತ್ತಿ ಈ ಹೊಸ್ತಿಲು ದಾಟುವುದಿಲ್ಲವೆಂದು ಪಾರ್ವತಿಬಾಯಿ. ಎರಡು ದಿನ ಹೀಗೇ ಹೋಯಿತು. ಆಮೇಲೆ ಸೋನಾಬಾಯಿ, ಹೋಗಲಿ, ನಮ್ಮ ಕಡೆ ನಾತಾಳಕ್ಕೆ ಮುಖ್ಯವಾಗಿ ಕರಂಜಿಯೇ ಬೇಕು ಎಂದರು. ಕರಂಜಿ ಎಂದರೆ ಪಾರ್ವತಿಬಾಯಿ ದೀಪಾವಳಿಗೆ ಮಾಡುವ ಕರಚಿಕಾಯಿಯೇ. ಅವತ್ತು ಮಧ್ಯಾಹ್ನ ಸೋನಾಬಾಯಿ ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು ಹೂರಣ ತುಂಬಿದರು, ಪಾರ್ವತಿಬಾಯಿ ಕರಿದರು. ಹೂರಣಕ್ಕೆ ಸೋನಾಬಾಯಿಯ ಕೊಬ್ಬರಿಯೋ ಪಾರ್ವತಿಬಾಯಿಯ ಶೇಂಗಾ ಬೆಲ್ಲವೋ ಎಂದು ಮತ್ತೆ ವಾದ ಎದ್ದಿತಾದರೂ ಎರಡನ್ನೂ ಮಾಡಿ ಮುಗಿಸಿದರು. ರುಚಿ ನೋಡಲು ಕಳಿಸಿದ್ದರಲ್ಲಿ ನಮ್ಮ ಮನೆಯಲ್ಲಿ ಶೇಂಗಾದ್ದು ಮೊದಲು ಖಾಲಿಯಾಯಿತು. ಇದನ್ನು ಸೋನಾಬಾಯಿಗೆ ಹೇಳಲಿಲ್ಲ.

ಇಪ್ಪತ್ತೈದನೆಯ ತಾರೀಖು ಬೆಳಿಗ್ಗೆ ಸೋಮೇಶ, ಸಾರಿಕಾ, ಶ್ರದ್ಧಾ ಸೋನಾಬಾಯಿಯನ್ನು ಆಟೋದಲ್ಲಿ ಕೂರಿಸಿಕೊಂಡು ಚರ್ಚಿಗೆ ಹೋಗಿ ಬಂದರು. ಸಾತಲಿಂಗಪ್ಪನವರು ಗಿಡ ಕಾಯುತ್ತ ಕುಳಿತರು. ಮಧ್ಯಾಹ್ನ ನಾಲ್ಕಕ್ಕೆ ಜನ ಬರತೊಡಗಿದರು. ಪಡಸಾಲೆಯಲ್ಲಿ ತೊಗರಿ ಗಿಡ, ಅದರ ತುಂಬ ಲಗ್ನಪತ್ರಿಕೆಯ ನಕ್ಷತ್ರ, ಬಣ್ಣಬಣ್ಣದ ದಾರದ ಉಂಡೆ, ಟವೆಲಿನ ಅಂಚಿನ ಗೊಂಡೆ. ‘ಸಾರಿ’ ಎಂಬ ನಕ್ಷತ್ರವನ್ನು ಸಾರಿಕಾ ತುದಿಗೆ ಕಟ್ಟಿದ್ದಳು. ಗಿಡ ಚೆನ್ನಾಗಿ ಕಾಣಲೆಂದು ಅದರ ಬುಡಕ್ಕೆ ಅಂಗಡಿಯ ಹಳೆಯ ದೊಡ್ಡ ಬಲ್ಬನ್ನು ಹಚ್ಚಿದ್ದರು. ಪತ್ರಿಕೆ ಪಡೆದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬಂದಿದ್ದರು, ಎರಡನೆಯ ಲಗ್ನದ ಅನುಮಾನವಿದ್ದವರು ತುಸು ಬೇಗನೇ. ಚರ್ಚಿನಿಂದ ಪಾಸ್ಟರ್ ಮತ್ತು ಐದಾರು ಜನ ಹಾಡಲು ಬಂದು ಗಿಡದ ಪಕ್ಕ ಜಮಖಾನೆಯ ಮೇಲೆ ಕುಳಿತರು.

ಎರಡನೆಯ ಚರಣಕ್ಕೆ ಪಾಸ್ಟರರ ಹಾಡಿನ ಪುಸ್ತಕದ ಮೇಲೆ ಬೆರಳುದ್ದದ ಹಸಿರು ಹುಳು ಬಿತ್ತು. ಸಭ್ಯ ಮನುಷ್ಯ. ಹಾಡು ನಿಲ್ಲಿಸದೆ ಪುಟ ಓರೆ ಮಾಡಿ ಅದನ್ನು ನೆಲಕ್ಕೆ ಇಳಿಸಿದರು. ಇನ್ನೊಂದು ಬಿತ್ತು. ತಬಲಾದ ಮೇಲೆ ಬಿದ್ದದ್ದು ತಾಳಕ್ಕೆ ಸರಿಯಾಗಿ ಜಿಗಿಯಿತು. ಬಲ್ಬಿನ ಶಾಖಕ್ಕೆ ಕಾಯಿಯೊಳಗಿದ್ದ ಹುಳುಗಳೆಲ್ಲ ಎದ್ದು ಹೊರಬಿದ್ದಿದ್ದವು. ಅಮೃತಪ್ಪ ಹೇಳಹೊರಟಿದ್ದ ‘ಯಾಕಂದ್ರ’ ಇದೇ. ಜನ ಕುಳಿತಲ್ಲೇ ಹಿಂದೆ ಹಿಂದೆ ಸರಿದು ಗೋಡೆ ಮುಟ್ಟಿದರು. ಹಾಡು ಮಾತ್ರ ನಡೆದಿತ್ತು, ಸ್ವಲ್ಪ ವೇಗವಾಗಿ. ಶ್ರದ್ಧಾ ವಹಿ ತೆಗೆದು ಎಣಿಸಿ ಬರೆದುಕೊಳ್ಳುತ್ತಿದ್ದಳು. ಸೋನಾಬಾಯಿ ತಮ್ಮ ಬಿಳಿ ಸೀರೆಯ ಸೆರಗಿನ ಮೇಲಿನ ಹುಳುವನ್ನು ಎರಡೇ ಬೆರಳಿನಲ್ಲಿ ಹಿಡಿದು ಎತ್ತಿದರು.

“ಬೀಗ್ರ, ಇದು ಮನಿಯಾಗಿಂದೋ, ಹೊಸಾದು ತಂದಿರೋ?”

ಗಿಡಕ್ಕೆ ವಿಷ ಹೊಡೆದಿಲ್ಲ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಸಾತಲಿಂಗಪ್ಪನವರು ವಾದಿಸಿದರು. ವಾದದ ನಡುವೆ ಅವರ ಟೋಪಿಯ ಮೇಲೂ ಒಂದು ಸಾಕ್ಷಿ ಬಿತ್ತು.

ಅದೇ ಹೊತ್ತಿಗೆ ಬಾಗಿಲಲ್ಲಿ ಶಿವಶರಣಪ್ಪ ನಿಂತಿದ್ದರು, ಬಗಲಲ್ಲಿ ಒಂದು ಗಂಟು. ಮರವಡೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದರು. ಅವರು ಯಾರ ಮುಖವನ್ನೂ ನೋಡಲಿಲ್ಲ, ಗಿಡವನ್ನು ನೋಡಿದರು. ಹತ್ತು ವರ್ಷದ ಮೇಲೆ ಆ ಮನೆಯಲ್ಲಿ ಅವರಾಡಿದ ಮೊದಲ ಮಾತು, “ಒಂದು ಚಾದರ ತರ್ರಿ.”

ಸೋಮೇಶ ಚಾದರ ತಂದ. ಶಿವಶರಣಪ್ಪ ಅದರ ಒಂದೊಂದು ಮೂಲೆಯನ್ನು ಪಾಸ್ಟರಿಗೆ, ನನಗೆ, ಸೋಮೇಶನಿಗೆ, ಸಾತಲಿಂಗಪ್ಪನವರಿಗೆ ಕೊಟ್ಟು ಗಿಡದ ಕೆಳಗೆ ಬಿಗಿಯಾಗಿ ಹಿಡಿಸಿದರು. ಆಮೇಲೆ ಧೋತರ ಮೇಲೆ ಕಟ್ಟಿ, ಗಿಡದ ಬುಡ ಹಿಡಿದು, ಹೊಲದಲ್ಲಿ ತೊಗರಿ ಜಾಡಿಸುವಂತೆ ಎರಡೂ ಕೈಯಿಂದ ಜಾಡಿಸಿದರು. ಹುಳು, ನಕ್ಷತ್ರ, ದಾರದ ಉಂಡೆ, ಕಾಯಿ ಎಲ್ಲ ಒಟ್ಟಿಗೆ ಸುರಿದವು. ಮೂಲೆ ಬಿಟ್ಟರೆ ಹುಳು ಕಾಲ ಮೇಲೆ ಬರುತ್ತವೆಂದು ನಾವು ನಾಲ್ವರೂ ಜೀವ ಬಿಗಿಹಿಡಿದು ನಿಂತಿದ್ದೆವು. ಪಾಸ್ಟರ್ ಕಣ್ಣು ಮುಚ್ಚಿದ್ದರು, ಪ್ರಾರ್ಥನೆಯೋ ಹೆದರಿಕೆಯೋ ಕೇಳಲಿಲ್ಲ. ಶ್ರದ್ಧಾಳ ಲೆಕ್ಕಕ್ಕೆ ಎಪ್ಪತ್ತೊಂದು ಹುಳು ಸಿಕ್ಕವು. ಹೆಂಗಸರು ನಕ್ಷತ್ರ, ಉಂಡೆ ಆರಿಸಿಕೊಂಡ ಮೇಲೆ ಚಾದರವನ್ನು ಹಾಗೆಯೇ ಮಾಳಿಗೆಗೆ ಹೊತ್ತುಕೊಂಡು ಹೋಗಿ ಬಿಚ್ಚಿದೆವು. ಗೊರವಂಕಗಳು ಬಂದು ತಮ್ಮ ಹಬ್ಬ ಮಾಡಿಕೊಂಡವು. ಅಷ್ಟರಲ್ಲಿ ಹೆಂಗಸರು ನಕ್ಷತ್ರಗಳನ್ನು ಮತ್ತೆ ಕಟ್ಟಿದ್ದರು. ಹಾಡು ಮೂರನೆಯ ಚರಣದಿಂದ ಮುಂದುವರಿಯಿತು. ಈ ಸಲ ಗೋಡೆಗೆ ಆತು ಕುಳಿತ ನಮ್ಮವರೂ ಚಪ್ಪಾಳೆ ಹಾಕಿದರು.

ಹಾಡು ಮುಗಿದ ಮೇಲೆ ಶಿವಶರಣಪ್ಪ ಸೋಮೇಶನನ್ನೂ ಸಾರಿಕಾಳನ್ನೂ ಜಮಖಾನೆಯ ಮೇಲೆ ಜೋಡಿಯಾಗಿ ಕುಳಿತುಕೊಳ್ಳಲು ಹೇಳಿದರು. ತಾವು ಬಂದದ್ದು ಆಹೇರ ಮಾಡಲು ಎಂದರು. ಲಗ್ನದಲ್ಲಿ ಬಂಧುಗಳು ಕೊಡುವ ಬಟ್ಟೆಯ ಉಡುಗೊರೆಗೆ ನಮ್ಮಲ್ಲಿ ಆಹೇರ ಅನ್ನುತ್ತಾರೆ. ಇದು ಲಗ್ನವಲ್ಲ, ನಾತಾಳ ಎಂದು ಸಾತಲಿಂಗಪ್ಪನವರು ಅಳುಕುತ್ತ ತಿದ್ದಿದರು.

“ನಂಗ ಬಂದಿದ್ದು ಲಗ್ನಪತ್ರಿಕಾ,” ಎಂದು ಶಿವಶರಣಪ್ಪ ಕಿಸೆ ತಟ್ಟಿದರು. “ಹಿಂದಿನ ಬಾಜು ಸಣ್ಣ ಅಕ್ಷರ, ನಂಗ ಕಾಣೂದಿಲ್ಲ. ತಡಾ ಮಾಡಿ ಕೊಟ್ಟವ ನೀನು. ನಾ ವ್ಯಾಳ್ಯಾಕ್ಕ ಬಂದೀನಿ.”

ಅವರು ಗಂಟು ಬಿಚ್ಚಿ ಕೊಟ್ಟ ಚಾದರದ ಮೇಲೆ ಸಾತಲಿಂಗಪ್ಪನವರ ಅಂಗಡಿಯದೇ ಚೀಟಿ ಇತ್ತು. ಬರುವ ಹಾದಿಯಲ್ಲಿ ಅಲ್ಲೇ ತೆಗೆದುಕೊಂಡಿದ್ದರು. ಆಮೇಲೆ ಅವರು ಸೋನಾಬಾಯಿಯ ಕುರ್ಚಿಯ ಹತ್ತಿರ ಹೋಗಿ, ಹೆಣ್ಣಿನ ತಾಯಿಗೆಂದು ತಂದಿದ್ದ ಹಸಿರು ಕುಪ್ಪಸದ ಖಣವನ್ನು ಎರಡೂ ಕೈಯಿಂದ ಮುಂದೆ ಹಿಡಿದರು. ಸೋನಾಬಾಯಿ ಸೆರಗೊಡ್ಡಿ ತೆಗೆದುಕೊಂಡರು. ಖಣದ ಅಂಚನ್ನು ಬೆರಳಲ್ಲಿ ಸವರುತ್ತ ಬಹಳ ಹೊತ್ತು ಕುಳಿತರು. ಸಾತಲಿಂಗಪ್ಪನವರು ಒಳಗೆ ಹೋಗಿ ಪತ್ರಾವಳಿ ಹಾಕಲು ಎಲ್ಲರಿಗಿಂತ ಮುಂಚೆ ಓಡಾಡತೊಡಗಿದರು. ಆಗಲೂ ಕನ್ನಡಕ ಒರೆಸಿಕೊಳ್ಳುತ್ತಲೇ ಇದ್ದರು.

ಹೊಸ ವರ್ಷದ ಮೊದಲ ವಾರ ಪಾರ್ವತಿಬಾಯಿ ಗಿಡವನ್ನು ಮಾಳಿಗೆಯಲ್ಲಿ ಒಣಗಿಸಿ ಬಡಿದರು. ಬಸ್ಸಿನವರು, ಹುಳುಗಳು ಬಿಟ್ಟು ಉಳಿದದ್ದು ಒಂದು ದಿನದ ಸಾರಿಗಾಯಿತು. ಕಟ್ಟಿಗೆ ನೀರು ಕಾಯಿಸುವ ಬಂಬಿಗೆ ಹೋಯಿತು. ಶ್ರದ್ಧಾ ಬರೆದುಕೊಂಡು ಹೋದದ್ದನ್ನು ಓದಿದ ಟೀಚರು, ಎಪ್ಪತ್ತೊಂದು ಹುಳುವಿನ ಮಾತು ನಿಜವೇ ಎಂದು ಸಾರಿಕಾಳಿಗೆ ಫೋನು ಮಾಡಿ ಕೇಳಿದರು.

ಜನವರಿ ಮುಗಿಯುವ ಹೊತ್ತಿಗೆ ಸೋನಾಬಾಯಿ ಕೋಲಿಲ್ಲದೆ ನಡೆದಾಡತೊಡಗಿದರು, ಸಾರಿಕಾಳ ಜೊತೆ ತಮ್ಮ ಮನೆಗೆ ಹೊರಟರು. ಸಾಮಾನು ಇಳಿಸಲು ಒಂದು ಕೈ ಬೇಕಾಗುತ್ತದೆ ಎಂದು ಸಾತಲಿಂಗಪ್ಪನವರು ತಾವಾಗಿ ಆಟೋದ ಮುಂದೆ ಡ್ರೈವರನ ಮಗ್ಗುಲಿಗೆ ಕುಳಿತರು. ಸಾಮಾನು ಇಳಿಸಿದ ಮೇಲೆ ಸೋನಾಬಾಯಿ ಕೈಕಾಲು ತೊಳೆಯಿರಿ ಎಂದು ಆಜ್ಞೆ ಮಾಡಿದರು, ಇವರು ತೊಳೆದು ಹತ್ತು ವರ್ಷದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದರು. ಸಾರಿಕಾ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದಳು. ಮಾವ ಮೂರನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡರಂತೆ. ಮರುದಿನ ಕರಿಬೇವು ಕೊಡಲು ಬಂದ ಸಾರಿಕಾ ನನ್ನ ಹೆಂಡತಿಗೆ ಇದನ್ನು ಎರಡು ಸಲ ಹೇಳಿದಳು.